ಕಲ್ಯಾಣದಲ್ಲಿ ಸೀಟು ಬಿಟ್ಟುಕೊಟ್ಟ ನಾಯಕ

ವಾರಪತ್ರಿಕೆಯಲ್ಲಿ ನನ್ನ ಹೊಸ ಧಾರಾವಾಹಿ ಶುರುವಾಗಲು ಐದು ವಾರ ಉಳಿದಿದ್ದಾಗ ನನ್ನ ಬಳಿ ನಾಯಕಿಯಿದ್ದಳು, ಅವಳ ಜಗಳಗಂಟಿ ಅತ್ತೆಯಿದ್ದಳು, ಹನ್ನೆರಡನೆಯ ಕಂತಿಗೆ ಬೇಕಾದ ತಪ್ಪು ತಿಳಿವಳಿಕೆಯೂ ತಯಾರಿತ್ತು. ನಾಯಕ ಮಾತ್ರ ಇರಲಿಲ್ಲ. ಇದ್ದವನನ್ನು ಸಂಪಾದಕಿ ವಾಪಸು ಕಳಿಸಿದ್ದಳು. ಆಕೆ ಬೆಂಗಳೂರಿನ ಹುಡುಗಿ, ನನ್ನ ಅರ್ಧ ವಯಸ್ಸು. ನನ್ನನ್ನು ಮೇಡಂ ಎಂದು ಕರೆಯುವ ಧಾಟಿ ಮಾತ್ರ ನರ್ಸು ರೋಗಿಯನ್ನು ಕರೆಯುವ ಹಾಗಿರುತ್ತದೆ.

"ಮೇಡಂ, ಹೋದ ಸಲದ ಹೀರೋನೇ ಇವನೂ. ಅದೇ ಹೈಟು, ಅದೇ ಸಿಟ್ಟು, ಅದೇ ಕಾಫಿ ತೋಟ. ನೀವಿರೋದು ಡೊಂಬಿವಲಿಯಲ್ಲಿ ಅಲ್ವಾ? ಅಲ್ಲಿ ಗಂಡಸರಿಲ್ವಾ?"

ಇದ್ದಾರೆ. ಬೆಳಿಗ್ಗೆ ಏಳರಿಂದ ಹತ್ತರವರೆಗೆ, ಮುಂಬಯಿಗೆ ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ, ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಮೇಲೆ ಗಂಡಸರ ಹೊರತು ನೆಲವೂ ಕಾಣುವುದಿಲ್ಲ. ಎದೆಗೆ ಚೀಲ, ಕಿವಿಗೆ ವೈರು, ಮುಖದ ಮೇಲೆ ಯಾರದೋ ಮೊಣಕೈ ತಿಂದ ಭಾವ. ಇವರಲ್ಲಿ ಯಾರನ್ನು ಆರಿಸಿ ಇಪ್ಪತ್ತನಾಲ್ಕು ಕಂತು ಪ್ರೇಮಿಸುವುದು? ಮನೆಯಲ್ಲಿ ಒಬ್ಬರನ್ನು ಇಪ್ಪತ್ತಾರು ವರ್ಷಗಳಿಂದ ಹತ್ತಿರದಿಂದಲೇ ನೋಡುತ್ತಿದ್ದೇನೆ. ಅವರಿಂದ ಕಾದಂಬರಿಗೆ ಒದಗಿದ್ದು ಒಂದು ಗೊರಕೆ, ಅದನ್ನೂ ಖಳನಾಯಕನಿಗೆ ಕೊಟ್ಟದ್ದಾಗಿದೆ.

ನನ್ನ ಕೆಲಸದ ಪದ್ಧತಿ ಹೇಳಿಬಿಡುತ್ತೇನೆ. ಅದರಲ್ಲಿ ಕಲೆ ಎನ್ನುವಂಥದ್ದು ಕಡಿಮೆ. ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಪಾತ್ರಕ್ಕೊಂದು ಪುಟ, ಪುಟಕ್ಕೆ ನಾಲ್ಕು ಸಾಲು. ಅವನ ಕೈಗಳು ಸುಮ್ಮನಿರುವಾಗ ಏನು ಮಾಡುತ್ತವೆ, ಯಾವುದಕ್ಕೆ ಸಿಟ್ಟು ಬರುತ್ತದೆ, ಹಳೆಯ ಗಾಯ ಯಾವುದು. ನಾಲ್ಕನೆಯದು ಸಣ್ಣ ಕೆಲಸ. ಇಡೀ ವ್ಯಾಪಾರ ನಿಂತಿರುವುದು ಈ ನಾಲ್ಕನೆಯ ಸಾಲಿನ ಮೇಲೆ. ನಾಯಕ ಒಳ್ಳೆಯವನು ಎಂದು ಬರೆದರೆ ಓದುಗರು ಆಕಳಿಸುತ್ತಾರೆ. ಯಾರೂ ನೋಡದಾಗ ಬಾಗಿದ ಗಿಡವೊಂದಕ್ಕೆ ಕೋಲು ಕಟ್ಟಿದ ಎಂದು ಬರೆಯಿರಿ. ಮುಂದೆ ಹತ್ತು ಕಂತು ಅವನು ಕತ್ತೆಯ ಹಾಗೆ ನಡೆದುಕೊಂಡರೂ ಕ್ಷಮಿಸುತ್ತಾರೆ. ಹೆಂಗಸರ ಬಗ್ಗೆ ನನಗಿರುವ ತಿಳಿವಳಿಕೆ ಇಷ್ಟೇ, ಇದರ ಮೇಲೆಯೇ ಏಳು ಕಾದಂಬರಿ ಮಾರಾಟವಾಗಿವೆ.

ಈ ಸಲ ನಾಲ್ಕನೆಯ ಸಾಲೇ ಹೊಳೆಯಲಿಲ್ಲ. ಎರಡು ವಾರ ಖಾಲಿ ಪುಟದ ಮುಂದೆ ಕೂತು, ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ನೋಡಲು ಎದ್ದು ಹೋಗಿ, ಮತ್ತೆ ಬಂದು ಕೂತೆ. ಕೊನೆಗೆ ಒಂದು ಭಾನುವಾರ ನಮ್ಮ ಕನ್ನಡ ಸಂಘದ ಹಸಿರು ಫೈಲು ತೆರೆದೆ.

ಸಂಘದಲ್ಲಿ ವಧುವರರ ವಿಭಾಗವೊಂದಿದೆ. ಪ್ರತಿ ಭಾನುವಾರ ನಾಲ್ಕರಿಂದ ಆರು, ಸ್ಟೇಷನ್ ಹತ್ತಿರದ ಒಂದು ಕೋಣೆ. ಹಸಿರು ಫೈಲಿನಲ್ಲಿ ವರಗಳು, ಕೆಂಪು ಫೈಲಿನಲ್ಲಿ ಕನ್ಯೆಗಳು. ನಡೆಸುವವರು ಸಂಘದ ಕಾರ್ಯದರ್ಶಿ, ಉಡುಪಿ ಕಡೆಯವರು, ರೈಲ್ವೆಯಿಂದ ನಿವೃತ್ತರು. ಜಗತ್ತಿನ ಯಾವುದೇ ಇಬ್ಬರನ್ನು ಒಂದೇ ಗಾಡಿಗೆ ಹತ್ತಿಸಬಹುದು ಎಂದು ನಂಬಿದವರು. ನೀವು ಹೇಗೂ ಬರೆಯುತ್ತೀರಲ್ಲ ಎಂದು ಅವರು ಬಹಳ ಹಿಂದೆಯೇ ನನ್ನನ್ನು ಆ ಮೇಜಿಗೆ ಕೂರಿಸಿದ್ದರು. ಮನೆಯವರು ಮರಾಠಿ ಬೆರೆಸಿ ಗೀಚಿ ತಂದ ಹಾಳೆಯನ್ನು ತಿದ್ದಿ ಬಯೊಡೇಟಾ ಮಾಡುವುದು ನನ್ನ ಕೆಲಸ. ಕೆಳಗಿನ ಟೈಪಿಂಗ್ ಅಂಗಡಿಯವನು ಅದನ್ನು ಅಚ್ಚುಕಟ್ಟಾಗಿ ಹೊಡೆದುಕೊಡುತ್ತಾನೆ. ಆ ಭಾಷೆ ನನಗೆ ಬಾಯಿಪಾಠ. ಸ್ವಂತ ಫ್ಲ್ಯಾಟು ಎಂದರೆ ಕಲ್ಯಾಣ ದಾಟಿ ಮೂರನೆಯ ಸ್ಟೇಷನ್ನಾದ ಟಿಟ್ವಾಳಾದಲ್ಲಿ. ಕಲ್ಯಾಣದ ಹತ್ತಿರ ಎಂದರೂ ಟಿಟ್ವಾಳಾದಲ್ಲೇ. ಸರಳ ಕುಟುಂಬ ಎಂದರೆ ಅಲ್ಲಿ ಯಾರೂ ಯಾರೊಂದಿಗೂ ಮಾತಾಡುವುದಿಲ್ಲ.

ಹಸಿರು ಫೈಲಿನ ತಳದಲ್ಲಿ ಒಂದು ಹಾಳೆ ಸಿಕ್ಕಿತು. ವಯಸ್ಸು ಮೂವತ್ತೈದು, ವಿಜಯಪುರ ಕಡೆಯ ಮನೆತನ, ಥಾಣೆ ಬಳಿಯ ರಬಾಳೆಯಲ್ಲಿ ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ, ಟಿಟ್ವಾಳಾದಲ್ಲಿ ತಾಯಿಯೊಂದಿಗೆ ವಾಸ. ಫೋಟೋ ಉದುರಿಹೋಗಿ ಒಣಗಿದ ಅಂಟು ಉಳಿದಿತ್ತು. ಸ್ವಭಾವ ಎಂಬ ಕಡೆಯ ಕಾಲಮಿನಲ್ಲಿ ಹೀಗಿತ್ತು: "ಮಾತು ಕಡಿಮೆ. ಸಂಜೆ ಥಾಣೆಯಿಂದ ಬರುವಾಗ ಲೋಕಲ್‌ನಲ್ಲಿ ಸಿಕ್ಕ ಸೀಟನ್ನು ಕಲ್ಯಾಣ ಬಂದೊಡನೆ ನಿಂತವರಿಗೆ ಬಿಟ್ಟುಕೊಟ್ಟು, ಟಿಟ್ವಾಳಾದವರೆಗೆ ನಿಂತೇ ಹೋಗುತ್ತಾನೆ."

ನನ್ನ ಮೈ ಜುಂ ಎಂದಿತು. ಇಂಥದ್ದನ್ನು ನನ್ನಂಥವಳು ಕೂತು ಕಟ್ಟಲಾರೆ, ಇದು ಬದುಕಿನಿಂದಲೇ ಬರಬೇಕು ಎಂದುಕೊಂಡೆ. ಹೀಗೆ ಅಂದುಕೊಂಡಿದ್ದೆ ಎನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅವನಿಗೆ ನಾಲ್ಕು ಇಂಚು ಎತ್ತರ ಸೇರಿಸಿದೆ, ತೀರಿಕೊಂಡ ತಮ್ಮನೊಬ್ಬನನ್ನು ಹಳೆಯ ಗಾಯವಾಗಿ ಕೊಟ್ಟೆ, ಯಂತ್ರದ ಎಣ್ಣೆಯ ವಾಸನೆ ಹಾಗೇ ಬಿಟ್ಟೆ. ಮೊದಲ ಕಂತಿನ ಮೂರನೆಯ ಪ್ಯಾರಾದಲ್ಲಿ ಅವನು ಕಲ್ಯಾಣದಲ್ಲಿ ಎದ್ದು ನಿಂತ. ಸಂಪಾದಕಿ ಅರ್ಧ ಗಂಟೆಯೊಳಗೆ ಫೋನು ಮಾಡಿ ಕೊನೆಗೂ ಒಬ್ಬ ಮನುಷ್ಯ ಸಿಕ್ಕ ಎಂದಳು. ಓದುಗಿಯರ ಪತ್ರ ಬರತೊಡಗಿದವು. ಗದಗಿನ ಒಬ್ಬ ಶಿಕ್ಷಕಿ ತನ್ನ ಗಂಡನಿಗೆ ಆ ಪುಟ ಕತ್ತರಿಸಿ ಕೊಟ್ಟಿದ್ದರಂತೆ, ಪಾಪ. ಈ ಪಾತ್ರ ಹುಟ್ಟಿದ್ದು ಹೇಗೆ ಎಂದು ಪತ್ರಿಕೆಯವರು ಚಿಕ್ಕ ಟಿಪ್ಪಣಿ ಕೇಳಿದಾಗ, ನನ್ನ ನಾಯಕ ಕಲ್ಪನೆಯಲ್ಲ, ದಿನಾ ಸಂಜೆ ಟಿಟ್ವಾಳಾ ಲೋಕಲ್‌ನಲ್ಲಿ ಇರುತ್ತಾನೆ ಎಂದು ಬರೆದುಕೊಟ್ಟೆ. ಅದರ ಜೊತೆಗಿನ ಫೋಟೋಗೆ ಕನ್ನಡಕ ತೆಗೆದೆ.

ತೆಪ್ಪಗಿರಬೇಕಿತ್ತು. ಕಾರ್ಯದರ್ಶಿಗೆ ಮೊದಲ ಕಂತನ್ನೂ ಆ ಹಾಳೆಯನ್ನೂ ತೋರಿಸಿ ಕೊಚ್ಚಿಕೊಂಡೆ. ಅವರು ಸುಮ್ಮನಿರುವ ಜಾತಿಯಲ್ಲ. ಫೈಲಿನ ತಳದಲ್ಲಿ ಧೂಳು ತಿನ್ನುತ್ತಿದ್ದ ಬಯೊಡೇಟಾಗೆ ನನ್ನ ಮೊದಲ ಕಂತಿನ ಝೆರಾಕ್ಸು ಪಿನ್ನು ಮಾಡಿ, ಕನ್ಯೆಯಿರುವ ಮನೆಗಳಿಗೆಲ್ಲ ಕೊಡತೊಡಗಿದರು. ವರನ ಗುಣಕ್ಕೆ ಮುದ್ರಿತ ಸಾಕ್ಷಿಯಿರುವ ಮೊದಲ ಬಯೊಡೇಟಾ ಅದು.

ಹದಿಮೂರನೆಯ ಕಂತು ಬಂದ ವಾರ, ಭಾನುವಾರ ಆರಕ್ಕೆ ನಾನು ಪೆನ್ನು ಮುಚ್ಚುತ್ತಿದ್ದಾಗ ಒಬ್ಬ ಹುಡುಗಿ ಬಂದು ಎದುರು ಕೂತಳು. ಹುಡುಗಿ ಎನ್ನುವುದು ನಮ್ಮ ಫೈಲಿನ ಮಾತು, ಮೂವತ್ತೊಂದಾಗಿತ್ತು. ಕಲ್ಯಾಣದವಳು, ಮನೆ ಮಾತು ಕಲಬುರಗಿ ಕಡೆಯದು, ಥಾಣೆಯ ನೌಪಾಡಾದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅವಳ ಬಯೊಡೇಟಾ ಕೂಡ ನಾನೇ ಬರೆದದ್ದು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಾಗ ತಾಯಿ ಧಾರಾವಾಹಿ ಓದಿ ಹೇಳುತ್ತಾರಂತೆ. ಒಂಬತ್ತು ವರಗಳನ್ನು ಬೇಡವೆಂದವಳು. ಈ ಟಿಟ್ವಾಳಾದವನನ್ನು ನೌಪಾಡಾದ ಒಂದು ಹೋಟೆಲಿನಲ್ಲಿ ಒಮ್ಮೆ ಭೇಟಿಯಾಗಿದ್ದಳು. ಇಬ್ಬರೂ ಇಡ್ಲಿ ತಿಂದು, ಮಾತು ಸಾಗದೆ ಎದ್ದು ಬಂದಿದ್ದರು. ಆದರೂ ಮುಂದಿನ ಭಾನುವಾರ ಎರಡೂ ಮನೆಯವರು ಮಾತು ಪಕ್ಕಾ ಮಾಡುವವರಿದ್ದರು.

"ಕಾಕು, ಒಂದ ಕೇಳ್ತೀನಿ," ಎಂದಳು. "ನಾ ಹನ್ನೊಂದ ವರ್ಷ ಆತು ಥಾಣೆ-ಕಲ್ಯಾಣ ಮಾಡ್ಲಿಕತ್ತಿ. ಸಂಜಿ ಆರಕ್ಕ ಥಾಣೆದಾಗ ಹತ್ತಿದವ್ರಿಗೆ ಲೇಡೀಸ್ ಡಬ್ಬಿದಾಗ ನಿಂದರಾಕ ಜಾಗಾ ಸಿಗೂದಿಲ್ಲ. ಈ ಮನಷ್ಯಾಗ ಜೆಂಟ್ಸ್ ಡಬ್ಬಿದಾಗ ದಿನಾ ಸೀಟ್ ಹೆಂಗ ಸಿಗ್ತದ, ಬಿಟ್ಟಕೊಡಾಕ?"

ಮುಚ್ಚಿದ ಪೆನ್ನನ್ನು ಮತ್ತೆ ತೆರೆದೆ. ಗಾಡಿ ಮುಂಬಯಿಯಿಂದಲೇ ತುಂಬಿಕೊಂಡು ಬರುತ್ತದೆ, ಥಾಣೆಯಲ್ಲಿ ಹತ್ತುವುದೇ ಒಂದು ಸಾಹಸ. ಇದು ಇಲ್ಲಿಯ ಮೂರು ವರ್ಷದ ಮಗುವಿಗೂ ಗೊತ್ತು. ಮಧ್ಯಾಹ್ನ ಎರಡರ ಖಾಲಿ ಗಾಡಿಯಲ್ಲಿ ಸೀರೆ ಕೊಳ್ಳಲು ಹೋಗಿಬರುವ ಕಾದಂಬರಿಕಾರ್ತಿಗೆ ಮಾತ್ರ ಗೊತ್ತಿರಲಿಲ್ಲ. ಹದಿಮೂರು ಕಂತು, ಒಬ್ಬ ಸಂಪಾದಕಿ, ಚೀಲ ತುಂಬ ಪತ್ರ, ಯಾರಿಗೂ ಹೊಳೆದಿರಲಿಲ್ಲ.

ಯಾರಾದರೂ ಕೊಟ್ಟಿರಬಹುದು, ಗುಂಪಿನಲ್ಲಿ ಸ್ನೇಹಿತರು ಸೀಟು ಹಿಡಿದಿಡುತ್ತಾರಲ್ಲ ಎಂದು ತೊದಲಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ರಕ್ತದ ಸ್ಯಾಂಪಲ್ ನೋಡಿ ನೋಡಿ ಅಭ್ಯಾಸವಾದ ಕಣ್ಣು.

"ಮಮ್ಮಿ ಹೂಂ ಅಂದಾಳ. ನಾನೂ ಹೂಂ ಅನ್ನಾಕಿ ಇದ್ದೀನಿ, ಆ ಒಂದ ಲೈನ್ ಸಲುವಾಗಿ. ಅದು ಖರೇ ಏನು ಹೇಳಿಬಿಡ್ರಿ. ಬರೂ ಸಂಡೇ ತನಾ ಟೈಮ್ ಅದ."

ಅವಳು ಹೋದ ಮೇಲೆ ಕಪಾಟು ತೆಗೆದೆ. ಮನೆಯವರು ಗೀಚಿ ತಂದ ಮೂಲ ಹಾಳೆಗಳನ್ನು ಕಟ್ಟು ಕಟ್ಟಿ ಅದರೊಳಗೆ ಇಡುತ್ತೇವೆ. ನಾಲ್ಕು ವರ್ಷ ಹಿಂದಿನ ಕಟ್ಟಿನಲ್ಲಿ ಅವನದು ಸಿಕ್ಕಿತು. ಎಲ್ಲ ಕಾಲಮುಗಳೂ ಅವನ ತಾಯಿಯ ದೊಡ್ಡ ದೊಡ್ಡ ಅಕ್ಷರದಲ್ಲಿದ್ದವು. ಸ್ವಭಾವದ ಎದುರು ಆಕೆ ಬರೆದದ್ದು ಇಷ್ಟು: "ಬರೋಬರ್ ಅದ." ಸರಿಯಾಗಿದೆ ಎಂಬ ಆ ಮಾತನ್ನು ಹೊಡೆದುಹಾಕಿ, ಕೆಳಗೆ ಹಸಿರು ಶಾಯಿಯಲ್ಲಿ ಸೀಟು ಬಿಟ್ಟುಕೊಡುವ ಸಾಲು. ಹಸಿರು ಶಾಯಿ ಬಳಸುವ ಹುಚ್ಚು ಸಂಘದಲ್ಲಿ ಒಬ್ಬಳಿಗೇ ಇದೆ.

ಆಗ ಎಲ್ಲ ನೆನಪಾಯಿತು. ಮಗನ ಬಗ್ಗೆ ಹೇಳಲು ಆ ತಾಯಿಗೆ ಏನೂ ಇರಲಿಲ್ಲ, ಚಹಾ ಆರುತ್ತಿತ್ತು, ಹಿಂದೆ ಮೂರು ಮನೆಯವರು ಕಾದಿದ್ದರು. ಕಾಲಮು ಬೋಳು ಕಾಣುತ್ತದೆಂದು ನನ್ನ ನಾಲ್ಕನೆಯ ಸಾಲಿನ ವಿದ್ಯೆ ಪ್ರಯೋಗಿಸಿದ್ದೆ. ಅದೂ ಹೊಸದಲ್ಲ. ನನ್ನ ಎರಡನೆಯ ಕಾದಂಬರಿಯ ನಾಯಕ ಹುಬ್ಬಳ್ಳಿ-ಧಾರವಾಡ ಬಸ್ಸಿನಲ್ಲಿ ಇದೇ ಕೆಲಸ ಮಾಡಿದ್ದ. ಬಸ್ಸು ತೆಗೆದು ಲೋಕಲ್ ಹಾಕಿದ್ದೆ, ಅಷ್ಟೆ. ಅಂದರೆ ನನ್ನದೇ ತಂಗಳನ್ನು ಬಯೊಡೇಟಾದಲ್ಲಿ ಬಿಸಿ ಮಾಡಿಟ್ಟು, ನಾಲ್ಕು ವರ್ಷದ ಮೇಲೆ ನಾನೇ ಬಂದು, ಆಹಾ ಎಂಥ ತಾಜಾ ಎಂದು ಉಂಡಿದ್ದೆ. ಬದುಕಿನಿಂದಲೇ ಬರಬೇಕು ಎಂದು ಬೇರೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಮೂವತ್ತು ವರ್ಷ ಲೋಕಲ್‌ನಲ್ಲಿ ನೇತಾಡಿದ ಮನುಷ್ಯ. ನನ್ನ ಒಂದು ಕಾದಂಬರಿಯನ್ನೂ ಓದಿಲ್ಲ. ಕೆಮ್ಮು ಬರುವವರೆಗೆ ನಕ್ಕರು.

"ಥಾಣೆದಾಗ ಹತ್ತಿ ಸೀಟು? ಲೇ, ನೀ ಬರಿಯೂದು ಪ್ರೇಮಕತಿ ಅಲ್ಲ, ಪುರಾಣ."

ನನಗಿನ್ನೂ ಒಂದು ಆಸೆ ಉಳಿದಿತ್ತು. ಸಾಲು ನಾನು ಕಟ್ಟಿದ್ದಿರಬಹುದು, ಮನುಷ್ಯ ಹೇಗಾದರೂ ಅದರ ಹಾಗೆಯೇ ಇರಬಾರದೇಕೆ? ಬುಧವಾರ ಗಂಡನನ್ನು ಕಾವಲಿಗೆ ಕರೆದುಕೊಂಡು ಥಾಣೆಗೆ ಹೋದೆ. ಕಾರ್ಯದರ್ಶಿಯ ಮೊಬೈಲಿನಿಂದ ಫೋಟೋ ತರಿಸಿಕೊಂಡಿದ್ದೆ, ಯಾವ ಗಾಡಿಯ ಯಾವ ಡಬ್ಬಿ ಎಂದು ಅವನ ತಾಯಿಯಿಂದ ಅವರೇ ಕೇಳಿಕೊಟ್ಟಿದ್ದರು. ಪರ್ಸಿನಲ್ಲಿ ಬಿ.ಪಿ. ಮಾತ್ರೆ, ರಕ್ತದ ಗುಂಪು ಬರೆದ ಚೀಟಿ.

ಹತ್ತಿದ್ದು ನಾವಲ್ಲ, ನಮ್ಮನ್ನು ಹತ್ತಿಸಲಾಯಿತು. ಮೂಳೆ ಎಣಿಸಿಕೊಂಡು ತಲೆಯೆತ್ತಿದಾಗ ನಾಲ್ಕು ಮಂದಿಯಾಚೆ ಅವನು ಕಂಡ. ನನ್ನ ನಾಯಕ! ಐದಡಿ ಆರಿಂಚು, ತೆಳ್ಳಗಾಗುತ್ತಿರುವ ಕೂದಲು, ಎದೆಗೆ ಚೀಲ. ಡೊಂಬಿವಲಿ ದಾಟಿದರೂ ಹಿಡಿಕೆಗೆ ಜೋತುಬಿದ್ದು ಮೊಬೈಲಿನಲ್ಲಿ ಬಣ್ಣದ ಚೆಂಡು ಒಡೆಯುತ್ತಿದ್ದ. ಕಲ್ಯಾಣ ಬಂತು. ಡಬ್ಬಿ ಅರ್ಧ ಸುರಿದುಹೋಯಿತು. ಕಿಟಕಿ ಪಕ್ಕದ ಒಂದು ಸೀಟು ಖಾಲಿಯಾಗಿ, ಬಿಳಿಗೂದಲಿನ ಒಬ್ಬರು ಅದರ ಕಡೆಗೆ ಚೀಲ ಚಾಚಿದರು. ಇವನು ಅವರ ತೋಳಿನ ಕೆಳಗಿನಿಂದ ನುಸುಳಿ ಕೂತೇಬಿಟ್ಟ. ಅಷ್ಟು ಚುರುಕು ನನ್ನ ಯಾವ ನಾಯಕನಿಗೂ ಇರಲಿಲ್ಲ.

ನಾನು ಹೋಗಿ ಅವನೆದುರೇ ನಿಂತೆ. ಐವತ್ತಮೂರರ ಹೆಂಗಸು, ಕೆದರಿದ ತಲೆ, ಮುಖದಲ್ಲಿ ಹದಿಮೂರು ಕಂತುಗಳ ಪ್ರಾರ್ಥನೆ. ಅವನು ತಲೆಯೆತ್ತಿ ನನ್ನನ್ನು ಪೂರ್ತಿ ನೋಡಿದ. ಆಮೇಲೆ ಕಣ್ಣು ಮುಚ್ಚಿದ. ಮುಂದಿನ ಸ್ಟೇಷನ್ ಶಹಾಡ್ ದಾಟುವಷ್ಟರಲ್ಲಿ ಬಾಯಿ ತೆರೆದುಕೊಂಡಿತ್ತು.

"ಇವನ ಏನು ನಿನ್ನ ಹೀರೋ?" ಎಂದರು ಗಂಡ. "ಛಲೋ ಅದಾನ. ನಾನೂ ಹಿಂಗ ಮಾಡ್ತಿದ್ದೆ."

ಟಿಟ್ವಾಳಾದಲ್ಲಿ ಇಳಿದ ಮೇಲಾದರೂ ಏನಾದರೊಂದು ಸಣ್ಣ ಕೆಲಸ ಮಾಡಿಯಾನು ಎಂದು ಮೆಟ್ಟಿಲಿಳಿದು ರಸ್ತೆಯವರೆಗೂ ಹಿಂಬಾಲಿಸಿದೆ. ನಾಯಿಗೆ ಬಿಸ್ಕತ್ತು, ಮುದುಕಿಗೆ ಕೈಯಾಸರೆ, ಯಾವುದಾದರೂ ಆದೀತು. ಅವನು ಪಾವ್ ಕೊಂಡು, ಶೇರ್ ರಿಕ್ಷಾದಲ್ಲಿ ಕೂತು ಹೊರಟುಹೋದ.

ಗುರುವಾರ ಕಾರ್ಯದರ್ಶಿಗೆ ಫೋನು ಮಾಡಿದೆ. ಅವರಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ. "ಎಂತ ಮಾರಾಯ್ರೆ, ಒಂದು ಸಾಲಿಗೆ ಮದುವೆ ನಿಲ್ಲಿಸ್ಲಿಕ್ಕುಂಟಾ? ಹುಡುಗ ಕುಡಿಯುವುದಿಲ್ಲ, ಕೆಲಸ ಉಂಟು. ನೀವು ಬಾಯಿ ಮುಚ್ಚಿ ಕೂತ್ರೆ ಎಲ್ಲ ಸರಿ ಆಗ್ತದೆ." ಶುಕ್ರವಾರ ಸಂಪಾದಕಿ ಕರೆ ಮಾಡಿ, ಹದಿನಾರನೆಯ ಕಂತಿಗೆ ನಿಶ್ಚಿತಾರ್ಥ ಬರಲೇಬೇಕೆಂದಳು. ಬಾಯಿ ಮುಚ್ಚಿ ಕೂರುವುದು ನನಗೆ ಹೊಸದೇನಲ್ಲ. ನನ್ನ ಮರ್ಯಾದೆ ಉಳಿಯುತ್ತಿತ್ತು, ಸಂಘದ್ದೂ ಉಳಿಯುತ್ತಿತ್ತು. ಆದರೆ ಮದುವೆಯಾದ ಮೊದಲ ವಾರವೇ ಅವಳು ಅವನ ಜೊತೆ ಅದೇ ಗಾಡಿಯಲ್ಲಿ ಬರುತ್ತಾಳೆ, ಕಲ್ಯಾಣದಲ್ಲಿ ಅವನು ನುಸುಳುವುದನ್ನು ನೋಡುತ್ತಾಳೆ. ಆ ಮುಖ ಕಣ್ಣಿಗೆ ಕಟ್ಟಿತು. ಓದುಗಿಯರಿಗೆ ನಾನು ಮೋಸ ಮಾಡುತ್ತೇನೆ, ನಿಜ. ಅವರು ಮೋಸಕ್ಕೆಂದೇ ಪತ್ರಿಕೆ ಕೊಳ್ಳುತ್ತಾರೆ. ಇವಳು ಹಾಗೆ ಕೊಂಡವಳಲ್ಲ. ಹೇಳುವುದೆಂದು ತೀರ್ಮಾನಿಸಿದೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಹೇಳದಿದ್ದರೆ ಮುಂದಿನ ಇಪ್ಪತ್ತು ವರ್ಷ ಚಿಂತೆ ಮಾಡಬೇಕಾಗುತ್ತಿತ್ತು, ನನಗೆ ಆಗಲೇ ಸಾಕಷ್ಟು ಚಿಂತೆಗಳಿದ್ದವು.

ಭಾನುವಾರ ಮೂರೂವರೆಗೆ, ಎರಡೂ ಮನೆಯವರು ಬರುವ ಮೊದಲೇ, ಅವಳನ್ನು ಕರೆಸಿ ಎಲ್ಲ ಹೇಳಿದೆ. ಹಸಿರು ಶಾಯಿ, ಹುಬ್ಬಳ್ಳಿ-ಧಾರವಾಡ ಬಸ್ಸು, ಬಿಳಿಗೂದಲಿನವರ ತೋಳು. ಅಳುತ್ತಾಳೆ ಎಂದು ಕರ್ಚೀಫು ಸಿದ್ಧವಿಟ್ಟಿದ್ದೆ. ನನ್ನ ನಾಯಕಿಯರು ಇಂಥ ಜಾಗದಲ್ಲಿ ಅಳುತ್ತಾರೆ. ಅವಳು ಕೇಳಿದ್ದು ಒಂದೇ.

"ಕಣ್ಣ ಮುಚ್ಚಿದ್ದು ನಾಟಕೋ, ಖರೇನ ನಿದ್ದಿ ಹತ್ತಿತ್ತೋ?"

"ಖರೇನ ಹತ್ತಿತ್ತು. ಬಾಯಿ ತೆರದಿತ್ತು."

ಮೇಜಿನ ಮೇಲಿನ ಪಿನ್ನುಗಳನ್ನು ಒಂದು ಬದಿಗೆ ಸರಿಸಿದಳು. ಆಮೇಲೆ ನೌಪಾಡಾದ ಹೋಟೆಲಿನಲ್ಲಿ ನಿಜವಾಗಿ ಏನಾಯಿತೆಂದು ಹೇಳಿದಳು. ಇಡ್ಲಿ ಬಂದ ಮೇಲೆ ಅವಳು ಸೀಟಿನ ವಿಷಯ ಎತ್ತಿದ್ದಳು. ಅವನು ಕಳ್ಳನ ಹಾಗೆ ತಲೆ ತಗ್ಗಿಸಿದ್ದ. ಇದು ವಿನಯ ಎಂದುಕೊಂಡಿದ್ದಳು. ಆಮೇಲೆ ಅವನು, ನಿಮ್ಮ ಬಾಲ್ಕನಿಗೆ ಗುಬ್ಬಿಗಳು ಎಷ್ಟು ಬರುತ್ತವೆ ಎಂದು ಕೇಳಿದ್ದ. ಆಗ ತಲೆ ತಗ್ಗಿಸುವ ಸರದಿ ಇವಳದಾಯಿತು. ಯಾಕೆಂದರೆ ಅವಳ ಬಯೊಡೇಟಾದ ಸ್ವಭಾವದ ಕಾಲಮಿನಲ್ಲಿ, ದಿನಾ ಬೆಳಿಗ್ಗೆ ಗುಬ್ಬಿಗಳಿಗೆ ಅಕ್ಕಿನುಚ್ಚು ಹಾಕಿದ ಮೇಲೆಯೇ ಚಹಾ ಕುಡಿಯುತ್ತಾಳೆ ಎಂದು ಇತ್ತು.

"ನಮ್ಮ ಬಾಲ್ಕನಿಗೆ ಜಾಳಿ ಹಾಕೇವಿ ಕಾಕು, ಪಾರಿವಾಳದ ಕಾಟಕ್ಕ. ಹಕ್ಕಿ ಅಂದ್ರ ನನಗ ವಾಂತಿ ಬರ್ತದ."

ನನ್ನ ಎರಡು ಪಾತ್ರಗಳನ್ನು ಎದುರುಬದುರು ಕೂರಿಸಿದ್ದೆ. ಮಾತಾಡಬೇಕಾದ ಇಬ್ಬರು ಮನುಷ್ಯರು ಅವುಗಳ ಹಿಂದೆ ನಾಚಿಕೆಯಿಂದ ಸಾಯುತ್ತ ಇಡ್ಲಿ ನುಂಗಿದ್ದರು. ಅವನ ಹಾಳೆಯ ಪಕ್ಕಕ್ಕೆ ಅವಳದೂ ಮೂಲ ಹಾಳೆ ತೆಗೆದಿಟ್ಟು ಓದಿ ಹೇಳಿದೆ. ಸ್ವಭಾವದ ಎದುರು ಅವಳ ತಾಯಿ ಬರೆದಿದ್ದರು: "ಸಿಟ್ಟು ಬರ್ತದ. ಲಗೂ ಇಳೀತದ." ಅದನ್ನೂ ಹೊಡೆದುಹಾಕಿದ್ದೆ, ಅದೇ ಹಸಿರು ಶಾಯಿಯಲ್ಲಿ. ಇಷ್ಟು ವರ್ಷ ಆ ಮೇಜಿನ ಮೇಲೆ ಹಾದುಹೋದ ಒಳ್ಳೆಯ ಸಾಲುಗಳಲ್ಲಿ ಅದೊಂದು ಎಂದು ಆಗ ಅನಿಸಿತು.

ಎರಡೂ ಹಾಳೆಗಳನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಎದ್ದಳು. ಆ ದಿನ ಮಾತು ಪಕ್ಕಾ ಆಗಲಿಲ್ಲ. ಇನ್ನೆರಡು ವಾರ ಬೇಕೆಂದು ಅವಳೇ ಎಲ್ಲರೆದುರು ಹೇಳಿದಳು. ಕಾರ್ಯದರ್ಶಿ ನನ್ನತ್ತ ನೋಡಿದ ನೋಟವನ್ನು ಖಳನಾಯಕಿಗಾಗಿ ತೆಗೆದಿಟ್ಟಿದ್ದೇನೆ.

ಎರಡು ವಾರದ ಮೇಲೆ ಅವಳದೇ ಫೋನು ಬಂತು. ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಅವನನ್ನು ನಿಲ್ಲಿಸಿ ಎರಡೂ ಹಾಳೆ ಕೈಗೆ ಕೊಟ್ಟಳಂತೆ. ಅವನು ಮೊದಲು ಅವಳದನ್ನು ಓದಿ, ಸಿಟ್ಟು ಎಷ್ಟು ಹೊತ್ತಿಗೆ ಇಳೀತದ ಎಂದು ಕೇಳಿದನಂತೆ. ಅಲ್ಲಿಂದ ಒಂದೂವರೆ ತಾಸು ನಿಂತೇ ಮಾತಾಡಿದರಂತೆ, ಎರಡು ಟಿಟ್ವಾಳಾ ಗಾಡಿ ಬಿಟ್ಟು.

"ಹೂಂ ಅಂದೀನಿ ಕಾಕು," ಎಂದಳು. "ಲಗ್ನಪತ್ರಿಕೆ ಮಾತ್ರ ನೀವು ಬರೀಬ್ಯಾಡ್ರಿ."

ಹದಿನಾರನೆಯ ಕಂತಿನಲ್ಲಿ ನನ್ನ ನಾಯಕನೂ ಕಲ್ಯಾಣದಲ್ಲಿ ನುಸುಳಿ ಸೀಟು ಹಿಡಿದು ನಿದ್ದೆ ಹೋದ. ಬರೆದವುಗಳಲ್ಲಿ ನಾನು ನಾಚದ ಒಂದೇ ಪುಟ ಅದು. ಹೀರೋ ಮುದುಕರ ಸೀಟು ಕಿತ್ತುಕೊಳ್ಳುತ್ತಾನಾ ಮೇಡಂ ಎಂದು ಸಂಪಾದಕಿ ಅದನ್ನು ತೆಗೆದುಹಾಕಿ, ಜ್ವರ ಬಂದಿದ್ದರೂ ಸೀಟು ಬಿಟ್ಟುಕೊಟ್ಟ ಎಂದು ತಾನೇ ಬರೆದು ನನ್ನ ಹೆಸರಿನ ಕೆಳಗೆ ಅಚ್ಚು ಹಾಕಿದಳು. ಆ ಧಾರಾವಾಹಿಗೆ ಅತಿ ಹೆಚ್ಚು ಪತ್ರ ತಂದ ಕಂತು ಅದೇ. ಗದಗಿನ ಶಿಕ್ಷಕಿ ಓದಿ ಅತ್ತುಬಿಟ್ಟೆನೆಂದು ಬರೆದಿದ್ದರು. ನಾನು ಧನ್ಯವಾದ ಬರೆದೆ.

ಮದುವೆ ಕಲ್ಯಾಣದ ಒಂದು ಹಾಲಿನಲ್ಲಿ. ವರನ ತಾಯಿ ನನ್ನ ಕೈ ಹಿಡಿದು ಬೀಗರ ಮುಂದೆ ನಿಲ್ಲಿಸಿ, ನಮ್ಮ ಹುಡುಗನ ಮೇಲೆ ಬುಕ್ಕು ಬರೆದವರು ಇವರೇ ಎಂದು ಪರಿಚಯಿಸಿದರು.

"ಸಣ್ಣಾಂವ ಇದ್ದಾಗಿಂದ ಹಂಗ ಅದಾನ್ರಿ," ಎಂದು ಆಕೆ ಅವರಿಗೆ ಹೇಳುತ್ತಿದ್ದರು. "ಯಾರರ ನಿಂತಿದ್ರ ಕೂತಾಂವ ಅಲ್ಲ." ಬರೋಬರ್ ಅದ ಎಂದು ಬರೆದ ಕೈ ಅದೇ.

ಊಟಕ್ಕೆ ನೂಕುನುಗ್ಗಲು. ನಮ್ಮ ಪದ್ಧತಿಯಂತೆ ಮುಂದಿನ ಪಂಕ್ತಿಗಾಗಿ, ಉಣ್ಣುವವರ ಕುರ್ಚಿಗಳ ಹಿಂದೆ ಜನ ಜಾಗ ಹಿಡಿದು ನಿಂತಿದ್ದರು. ನನಗೆ ಸಿಕ್ಕ ಕುರ್ಚಿ ಮದುಮಕ್ಕಳ ಎದುರಿನ ಸಾಲಿನದು. ಇಪ್ಪತ್ತು ನಿಮಿಷ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೆ. ಮದುಮಗ ತಲೆಯೆತ್ತಿ ನನ್ನನ್ನು ಪೂರ್ತಿ ನೋಡಿದ. ಗುರುತು ಸಿಕ್ಕಿರಬೇಕು, ಒಂದು ಕ್ಷಣ ಕೈ ನಿಂತಿತು. ಆಮೇಲೆ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಸಾವಕಾಶ ತಿನ್ನತೊಡಗಿದ. ಪಕ್ಕದಲ್ಲಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.